ಒಂಟಿ ಕೋಶ ಈಜಿದ ದಿನ

ಅಕ್ಕಾ,

ಇವತ್ತು ನಿನ್ನ ಮಗಳು ನಕ್ಕಳು. ನೀನು ಹೋದ ಮೇಲೆ ಇದೇ ಮೊದಲು.

ಮೊನ್ನೆ ಶಾಲೆಗೆ ರಜೆಯೆಂದು ಅವಳನ್ನು ನನ್ನ ಪ್ರಯೋಗಾಲಯಕ್ಕೆ ಕರೆದೊಯ್ದಿದ್ದೆ. ಸಮುದ್ರದ ತಳದಲ್ಲಿ ಬದುಕುವ, ಮೈತುಂಬ ಮುಳ್ಳಿರುವ ಸೀ ಅರ್ಚಿನ್‌ಗಳನ್ನು ನೀನು ‘ನಿನ್ನ ಸಿಡುಕು ಮಕ್ಕಳು’ ಎಂದು ಗೇಲಿ ಮಾಡುತ್ತಿದ್ದೆಯಲ್ಲ, ಅವುಗಳದೇ ಒಂದು ಮೊಟ್ಟೆ ಎರಡು ಕೋಶಗಳಾಗುವುದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದೆ. ಎರಡೂ ಕೆನ್ನೆಗೆ ಕೆನ್ನೆ ಒತ್ತಿಕೊಂಡು ಕೂತಿದ್ದವು. ಯಾರು ಏನಾಗಬೇಕೆಂದು ಕೋಶಗಳು ಹೀಗೆ ಅಂಟಿಕೊಂಡೇ ಒಂದಕ್ಕೊಂದು ತಿಳಿಸುತ್ತವೆ ಎಂದೆ. ಆಮೇಲೆ ದಿನವೂ ಮಾಡುವಂತೆ ಅವನ್ನು ಬಿಡಿಸಿ ಬೇರೆ ಬೇರೆ ಬಟ್ಟಲಿಗೆ ಹಾಕಿದೆ.

ಅವಳ ಮುಖ ಬಾಡಿತು. “ಯಾಕೆ ಬಿಡಿಸಿದ್ದು ಚಿಕ್ಕಮ್ಮಾ? ಈಗ ಅರ್ಧರ್ಧ ಮರಿ ಆಗುತ್ತಾ?”

“ನೋಡೋಣ ಇರು” ಎಂದೆ. ಎಲ್ಲವೂ ಬದುಕುವುದಿಲ್ಲ; ಮಾತು ಕೊಡಲು ಧೈರ್ಯವಾಗಲಿಲ್ಲ. ಅಮ್ಮ ಮನೆಗೆ ಬಂದೇ ಬರುತ್ತಾಳೆ ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಒಮ್ಮೆ ಕೊಟ್ಟಿದ್ದೆ.

ಇವತ್ತು ಬೆಳಗ್ಗೆ ಸೂಕ್ಷ್ಮದರ್ಶಕಕ್ಕೆ ಅವಳೇ ಮೊದಲು ಕಣ್ಣಿಟ್ಟಳು. ಎರಡು ಬಟ್ಟಲಲ್ಲೂ ಒಂದೊಂದು ಮರಿ ಈಜುತ್ತಿತ್ತು. ಗಾತ್ರದಲ್ಲಿ ಚಿಕ್ಕವು, ಆದರೆ ಏನೂ ಕಡಿಮೆಯಿಲ್ಲದ ಇಡೀ ಮರಿಗಳು.

“ಚಿಕ್ಕಮ್ಮಾ, ಪೂರ್ತಿ ಇದೆ! ಇಷ್ಟು ಪುಟ್ಟದಕ್ಕೆ ಎಷ್ಟು ಜಂಭ ನೋಡು!” ಎಂದು ನಕ್ಕಳು.

ಮನೆಗೆ ಬರುವಾಗ ಬಸ್ಸಿನಲ್ಲಿ ಮೆಲ್ಲಗೆ ಕೇಳಿದಳು: “ಅಮ್ಮ ನನ್ನಷ್ಟಿದ್ದಾಗ ಹೇಗಿದ್ದಳು?”

ನೀನು ಅಪ್ಪನ ಕನ್ನಡಕ ಹಾಕಿಕೊಂಡು ನನಗೆ ಪಾಠ ಹೇಳಿ, ಕಿವಿ ಹಿಂಡುತ್ತಿದ್ದೆಯಲ್ಲ, ಅಲ್ಲಿಂದ ಶುರುಮಾಡಿದೆ. ನಾವು ಇಳಿಯಬೇಕಾದ ಸ್ಟಾಪು ಬಂತು, ಹೋಯಿತು. ಇಬ್ಬರೂ ನೋಡಿದೆವು, ಇಬ್ಬರೂ ಏಳಲಿಲ್ಲ.