ರಜಾಯಿ ಇನ್ನೂ ಒಣಗಿಲ್ಲ

ಭಾನುವಾರ, ಅಂಗಡಿಗೆ ರಜೆ

ನನ್ನ ಗುಬ್ಬಿಗೆ,

ಅಮ್ಮನ ಆಶೀರ್ವಾದ, ಅದರ ಬೆನ್ನಿಗೇ ಒಂದು ನಮಸ್ಕಾರ. ಮಗಳಿಗೆ ನಮಸ್ಕಾರ ಮಾಡ್ತಾರೇನೇ ಅಂತ ನಿಮ್ಮಪ್ಪ ನಕ್ಕರು. ಮಗಳಿಗಲ್ಲ, ಗುರುವಿಗೆ ಅಂತ ಬಾಯಿ ಮುಚ್ಚಿಸಿದೆ. ಲಕೋಟೆಯಲ್ಲಿರುವ ಪೆನ್‌ಡ್ರೈವ್ ಜೋಪಾನ ಕಣೇ. ನನ್ನ ಹಾಡು ಅದರಲ್ಲಿದೆ. ಕೊನೆಗೂ ಆಯಿತು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಈ ಲಾಂಡ್ರಿಯ ಹಿಂದಿನ ಒಂದೂವರೆ ಕೋಣೆಯಲ್ಲಿ ನಾನು ಫೋನು ಹಿಡಿದರೆ ನಿಮ್ಮಪ್ಪ ಪಕ್ಕದಲ್ಲೇ ಕಿವಿ ನೆಟ್ಟು ಕೂರುತ್ತಾರೆ. ಮೊದಲ ಸಾಲು ನೋಡಿ ನಕ್ಕವರು ಈಗ ನಿದ್ದೆಯಲ್ಲಿದ್ದಾರೆ, ಗೊರಕೆ ಕೇಳಿಸುತ್ತಿದೆ. ಅದಕ್ಕೇ ಪತ್ರ.

ಕೈಯ ವಿಷಯ ನಿನಗೆ ಗೊತ್ತೇ ಇದೆ. ಎಡಗೈ ಬೆರಳು ಒಮ್ಮೆ ಮಡಚಿಕೊಂಡರೆ ಬಲಗೈಯಿಂದ ಬಿಡಿಸಬೇಕು. ಆಪರೇಷನ್ನಿಗೆ ದಿನ ಗೊತ್ತಾಗಿದೆ. ಮನೆಗೆಲಸಕ್ಕೆ, ಅಂಗಡಿಗೆ ಕೈ ಬರುತ್ತೆ, ಆದರೆ ಗಿಟಾರಿನ ಬಗ್ಗೆ ಮಾತು ಕೊಡೋಕಾಗಲ್ಲಮ್ಮ ಅಂದರು ಡಾಕ್ಟರು. ಒಳ್ಳೆಯವರು, ಸುಳ್ಳು ಹೇಳಲಿಲ್ಲ. ಮದುವೆಗೆ ಮುಂಚೆ ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಗಿಟಾರು ಎಷ್ಟು ವರ್ಷ ಬಾರಿಸಿದೆ, ಊರವರ ಹಾಡೆಲ್ಲ ಬಾರಿಸಿದೆ. ನನ್ನದು ಅಂತ ಇದ್ದದ್ದು ಈ ಒಂದೇ. ಅದೂ ನನ್ನ ಬೆರಳಲ್ಲಿ ಬಿಟ್ಟರೆ ಎಲ್ಲೂ ಇರಲಿಲ್ಲ. ಬೆರಳು ಹೋದರೆ ಅದೂ ಹೋಯಿತು ಅಂತ ಒಂದು ದಿನ ಹೊಗೆಯಾಡುವ ಬಾಯ್ಲರ್ ಮುಂದೆ ಕೂತು ಅತ್ತುಬಿಟ್ಟೆ. ನಿನಗೆ ಹೇಳಿರಲಿಲ್ಲ.

ಅದೇ ವಾರ ನಿನ್ನ ಪಾರ್ಸೆಲ್ ಬಂತು. ನಾಟಕದ ಥಿಯೇಟರಿನಲ್ಲಿ ಸೌಂಡ್ ನೋಡಿಕೊಳ್ಳುವ ಮಗಳನ್ನು ಹೆತ್ತದ್ದಕ್ಕೆ ಇದಕ್ಕಿಂತ ಏನು ಬೇಕು? ನೀನು ಬಳಸಿ ಬಿಟ್ಟ ರೆಕಾರ್ಡಿಂಗ್ ಡಬ್ಬಿ, ಹೆಡ್‌ಫೋನು, ಹೊಸ ತಂತಿ. ಮೈಕು ಮಾತ್ರ ಆರ್ಕೆಸ್ಟ್ರಾದ ನನ್ನ ಹಳೇ ಗಾಯಕಿ ಗೆಳತಿಯದು, ಮೂತಿ ಜಜ್ಜಿಹೋಗಿದೆ. ಸ್ಟ್ಯಾಂಡಿಗೆ ದುಡ್ಡೆಲ್ಲಿ? ನಿಮ್ಮಪ್ಪ ತಂತಿಯ ಹ್ಯಾಂಗರ್ ಬಗ್ಗಿಸಿ ಇಸ್ತ್ರಿ ಮೇಜಿನ ಅಂಚಿಗೆ ಕಟ್ಟಿ ಮೈಕು ನೇತುಹಾಕಿದರು. ಹಾಸಿಗೆ ಇದ್ದಷ್ಟೇ ಕಾಲು ಚಾಚು ಅಂತ ನಿಮ್ಮಜ್ಜಿ ಹೇಳುತ್ತಿದ್ದಳಲ್ಲ, ನಾವು ಮಂಡಿ ಮಡಚಿಕೊಂಡೇ ಮಲಗಿದೆವು ಅನ್ನು.

ಮೊದಲು ಬಂದ ಸದ್ದು ಕೇಳಿದ್ದರೆ ನೀನು ನನ್ನನ್ನು ಅಮ್ಮ ಅನ್ನುತ್ತಿರಲಿಲ್ಲ. ತಗಡಿನ ಡಬ್ಬಿಯಲ್ಲಿ ಸಿಕ್ಕಿಕೊಂಡ ದುಂಬಿಯೇ ಸರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನೂ ಗಿಟಾರಿನ ಸ್ಪೀಕರನ್ನು ಬೈದೆ, ತಂತಿಯನ್ನು ಬೈದೆ, ಇಲ್ಲದ ದುಡ್ಡನ್ನೂ ಬೈದೆ. ನೀನು ಮಾತ್ರ ಫೋನಿನಲ್ಲಿ ಏನೂ ಕೊಳ್ಳಬೇಡ ಅಂದೆ. ಸ್ಪೀಕರಿನಲ್ಲಿ ಗರಗರ ಅನ್ನಿಸೋ ಗುಂಡೀನ ಅರ್ಧ ಇಳಿಸಮ್ಮ, ಮೈಕನ್ನ ಸ್ಪೀಕರಿನ ನಡುವಿಂದ ಸ್ವಲ್ಪ ಅಂಚಿನ ಕಡೆ ಸರಿಸು, ಸ್ಪೀಕರನ್ನ ನೆಲದಿಂದ ಎತ್ತಿ ಸ್ಟೂಲಿನ ಮೇಲಿಡು ಅಂದೆ. ಸರಿಸಿದೆ ನೋಡು, ದುಂಬಿ ಹೊರಟುಹೋಗಿ ಮರದ ಸದ್ದು ಬಂತು. ಎದೆ ತುಂಬಿತು ಗುಬ್ಬಿ.

ಆಮೇಲೂ ಗುಂಯ್ ಅನ್ನುತ್ತಿತ್ತು. ಅದು ಇಸ್ತ್ರಿ ಪೆಟ್ಟಿಗೆ, ಸ್ಪೀಕರಿನ ಜೊತೆ ಒಂದೇ ಕರೆಂಟ್ ಲೈನಿನಲ್ಲಿತ್ತಲ್ಲ. ನಾನು ನುಡಿಸುವಾಗಲೆಲ್ಲ ನಿಮ್ಮಪ್ಪ ಇಸ್ತ್ರಿ ಆರಿಸಿ ಕೈಕಟ್ಟಿ ನಿಂತರು. ಬೆಳಗ್ಗೆ ಬಿಸಿನೀರಿನಲ್ಲಿ ಕೈ ಅದ್ದಿಕೊಂಡರೆ ಸ್ವಲ್ಪ ಹೊತ್ತು ಬೆರಳು ಮಾತು ಕೇಳುತ್ತವೆ, ಅಂಗಡಿಯ ಭರಾಟೆಯೂ ಅದೇ ಹೊತ್ತಿಗೆ. ವ್ಯಾಪಾರ ಬಿಟ್ಟು ನಿಲ್ಲುತ್ತಾರಲ್ಲ ಅಂತ ನನಗೆ ಸಂಕಟ. ಬಟ್ಟೆ ನಾಳೇನೂ ಸುಕ್ಕಾಗೇ ಇರುತ್ತೆ, ನೀನು ಬಾರ್ಸು ಅಂದರು.

ಇನ್ನು ಗೋಡೆಯ ಪ್ರತಿಧ್ವನಿ. ದಪ್ಪ ಬಟ್ಟೆ ಕಟ್ಟು ಅಂದೆ ನೀನು. ಲಾಂಡ್ರಿಯವರಿಗೆ ಬಟ್ಟೆಗೇನು ಬರ! ಒಗೆದಿಟ್ಟ ಗಿರಾಕಿಗಳ ರಜಾಯಿಗಳನ್ನೆಲ್ಲ ಸುತ್ತ ಹಗ್ಗದ ಮೇಲೆ ಇಳಿಬಿಟ್ಟೆವು. ಕೋಣೆ ಗಪ್ಪಾಯಿತು. ನಾನು ಒಂದು ಸಲ ಪೂರ್ತಿ ನುಡಿಸಿ ಮುಗಿಸಿದೆ. ಇನ್ನು ನೀನು ಹೇಳಿದ ಹಾಗೆ ಅದನ್ನೇ ಇನ್ನೊಂದು ಸಲ ನುಡಿಸಬೇಕು, ಒಂದು ಎಡಗಿವಿಗೆ, ಒಂದು ಬಲಗಿವಿಗೆ, ಆಗಲೇ ಸಣ್ಣ ಗಿಟಾರೂ ದೊಡ್ಡದಾಗಿ ಕೇಳುವುದು. ಅಷ್ಟರಲ್ಲಿ ಗಿರಾಕಿಗಳು ಚೀಟಿ ಹಿಡಿದು ಬರತೊಡಗಿದರು. ಒಬ್ಬೊಬ್ಬರು ರಜಾಯಿ ಒಯ್ದ ಹಾಗೆ ಕೋಣೆ ಮತ್ತೆ ಗುಂಯ್ ಅಂತು. ಮೊದಲ ಸಲಕ್ಕೂ ಎರಡನೆಯದಕ್ಕೂ ಸದ್ದು ಹೊಂದಬೇಡವೇ? ನಿಮ್ಮಪ್ಪ ಹುಟ್ಟಿದ್ದಕ್ಕೆ ಸುಳ್ಳು ಹೇಳದವರು, ಹೊರಗೆ ಕೆಂಡದಂಥ ಬಿಸಿಲಿಟ್ಟುಕೊಂಡು ಬಂದವರಿಗೆಲ್ಲ ರಜಾಯಿ ಇನ್ನೂ ಒಣಗಿಲ್ಲ ಅಂದರು.

ರಿಟೈರಾದ ಟೀಚರೊಬ್ಬರು ನಂಬಲಿಲ್ಲ. ಮೂಲೆಯ ದೊಡ್ಡ ನೀಲಿ ರಜಾಯಿ ಅವರದು. ಸೀದಾ ಒಳಗೆ ಬಂದರು. ಹಗ್ಗದ ಮೇಲೆ ಅವರ ರಜಾಯಿ, ಅದರ ಹಿಂದೆ ಗಿಟಾರು ಹಿಡಿದ ನಾನು, ಇಂಗು ತಿಂದ ಮಂಗನ ಹಾಗೆ ನಿಮ್ಮಪ್ಪ. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ, ಕೈಯ ಕಥೆಯನ್ನೂ. ಆಯಮ್ಮ ಕೂತು ಹೆಡ್‌ಫೋನಿನಲ್ಲಿ ಕೇಳಿದರು. ಎದ್ದವರು ರಜಾಯಿಯ ಸುಕ್ಕು ಬಿಡಿಸಿ ಮತ್ತೆ ಹಗ್ಗದ ಮೇಲೆ ನೆಟ್ಟಗೆ ಹಾಕಿ, ನಿಮ್ಮ ಕೆಲಸ ಆಗೋವರೆಗೂ ಇದು ಒಣಗೋದು ಬೇಡ ಬಿಡಿ ಅಂದರು. ಮರುದಿನ ಪಕ್ಕದ ಮನೆಯ ಎರಡು ಕಂಬಳಿಯನ್ನೂ ತಂದುಕೊಟ್ಟರು. ಇಂಥವರೆಲ್ಲ ಸಿಗೋದಕ್ಕೆ ನಾನು ಏನು ಪುಣ್ಯ ಮಾಡಿದ್ದೆನೋ.

ಎರಡನೆಯದೂ ಹೇಗೋ ಆಯಿತು. ನಿನ್ನ ಥಿಯೇಟರಿನ ದೊಡ್ಡ ಸ್ಪೀಕರಿನಲ್ಲಿ ಒಮ್ಮೆ ಹಾಕಿ ಕೇಳು. ನೀನಿಲ್ಲದಿದ್ದರೆ ಇದು ಆಗುತ್ತಿರಲಿಲ್ಲ ಮಗಳೇ. ರಜೆ ಹಾಕಿ ಓಡಿಬರಬೇಡ, ಕೈ ಕಟ್ಟು ಬಿಚ್ಚಿದ ಮೇಲೆ ಬಾ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಷ್ಟು ಖುಷಿಯಾಗಿ ಎಷ್ಟು ಕಾಲವಾಯಿತೋ ಅಂತ ಯೋಚಿಸುತ್ತಿರುವ
ನಿನ್ನ ಅಮ್ಮ

ಮರೆತು ಬಿಟ್ಟದ್ದಲ್ಲ, ಬೇಕಂತಲೇ ಕೊನೆಗೆ ಉಳಿಸಿದ್ದು: ಬಲಗಿವಿಯಲ್ಲಿ ಕೇಳಿಸುವುದು ನಾನಲ್ಲ, ನಿಮ್ಮಪ್ಪ. ಒಂದು ಸಲ ನುಡಿಸಿದ ಮೇಲೆ ನನ್ನ ಬೆರಳು ಮತ್ತೆ ಏಳಲೇ ಇಲ್ಲ. ದಿನವೂ ಪ್ರಯತ್ನಪಟ್ಟೆ, ಆಗಲಿಲ್ಲ. ಒಂದು ಬೆಳಗ್ಗೆ ಅವರು ಗಿಟಾರನ್ನು ನನ್ನ ಮಡಿಲಿಂದ ತೆಗೆದುಕೊಂಡು, ನಗಬೇಡ ನೋಡು ಅಂತ ಕೂತು ನುಡಿಸಿದರು, ಮೊದಲಿಂದ ಕೊನೆವರೆಗೆ. ಡಾಕ್ಟರ ಮಾತು ಕೇಳಿ ಬಂದ ದಿನದಿಂದ, ನಾನು ಕೌಂಟರಿನಲ್ಲಿದ್ದಾಗಲೆಲ್ಲ ಸ್ಪೀಕರಿಗೆ ಸೇರಿಸದೆ ಸದ್ದಿಲ್ಲದೆ ಕಲಿತರಂತೆ. ಗುಬ್ಬಿಗೆ ಹೇಳ್ಬೇಡ, ನಗ್ತಾಳೆ ಅಂದಿದ್ದಾರೆ. ಅಲ್ಲಲ್ಲಿ ಅರೆಕ್ಷಣ ಹಿಂದೆ ಬೀಳುತ್ತಾರೆ, ನಿನ್ನ ಯಂತ್ರದಲ್ಲಿ ಅದನ್ನು ಸರಿಮಾಡಬೇಡ. ನನ್ನ ಕೈ ಇನ್ನು ಏನಾದರೂ ಆಗಲಿ, ನನ್ನ ಹಾಡು ನುಡಿಸುವವರು ಮನೆಯಲ್ಲಿದ್ದಾರೆ.