ಮೂರು ಸಾಲು ಮುಂದೆ

ಕ್ಯಾಂಪ್‌ಬೆಲ್, ಕ್ಯಾಲಿಫೋರ್ನಿಯಾ, ಭಾನುವಾರ

ತಿರುಮಲೇಶ್ ಅವರಿಗೆ,

ಡಿವೋರ್ಸ್ ಆದ ಮೇಲೆ ನಿಮಗೆ ಬರೆಯುತ್ತಿರುವುದು ಇದೇ ಮೊದಲು. ನಾವಿಬ್ಬರೂ ಪ್ರತಿ ಸಲ ಒಟ್ಟಿಗೆ ಹೋಗುತ್ತಿದ್ದ ಆ ಕಂಟ್ರಿ ಸಂಗೀತದ ಬ್ಯಾಂಡು ನಿನ್ನೆ ಸ್ಯಾನ್ ಹೊಸೆಗೆ ಬಂದಿತ್ತು. ಒಬ್ಬಳೇ ಹೋಗಿದ್ದೆ.

ಗಾಯಕನ ಗಡ್ಡವೆಲ್ಲ ಬೆಳ್ಳಗಾಗಿದೆ. ನಿಮಗೆ ಇಷ್ಟವಾದ ಹಾಡಿನ ನಡುವೆ ಅವನಿಗೆ ಸಾಲೇ ಮರೆತುಹೋಯಿತು. "ನಂಗೂ ವಯಸ್ಸಾಯ್ತು, ನೀವೇ ಹಾಡಿ" ಎನ್ನುವಂತೆ ನಕ್ಕು ಮೈಕನ್ನು ನಮ್ಮ ಕಡೆ ತಿರುಗಿಸಿದ. ಎಲ್ಲರೂ ಹಾಡಿದರು. ಅಷ್ಟು ಜನರಲ್ಲಿ ಒಂದು ದನಿ ಮಾತ್ರ ತಾಳ ಬಿಟ್ಟು ಮುಂದೆ ಓಡುತ್ತಿತ್ತು. ಕತ್ತೆತ್ತಿ ನೋಡಿದರೆ, ಮೂರು ಸಾಲು ಮುಂದೆ ನೀವು. ನೀವೂ ಒಬ್ಬರೇ.

ಹಾಡು ಮುಗಿಯುವವರೆಗೂ ನಿಮ್ಮ ಬೆನ್ನನ್ನೇ ನೋಡುತ್ತಾ ನಿಂತಿದ್ದೆ. ಕರೆಯೋಣವೆಂದರೆ ಏನೆಂದು ಕರೆಯುವುದು? ಇಪ್ಪತ್ತು ವರ್ಷ "ರೀ" ಎಂದು ಕರೆದವಳಿಗೆ ನಿಮ್ಮ ಹೆಸರು ಬಾಯಿಗೆ ಬರಲಿಲ್ಲ. ಹಿಂದಿನ ಬಾಗಿಲಿನಿಂದ ಹೊರಟುಬಂದೆ.

ನೀವು ತುಂಬಾ ಕೆಮ್ಮುತ್ತಿದ್ದಿರಿ. ಡಾಕ್ಟರಿಗೆ ತೋರಿಸಿ. ಸ್ಯಾನ್ ರಮೋನ್‌ನ ನಿಮ್ಮ ಮನೆಗೆ ಕ್ಷೇಮವಾಗಿ ತಲುಪಿದಿರಾ, ತಿಳಿಸಿ.

ಮಾರ್ಚಿನಲ್ಲಿ ಆ ಬ್ಯಾಂಡಿನವರು ಓಕ್ಲೆಂಡಿಗೆ ಬರುತ್ತಾರಂತೆ. ನೀವು ಹೋಗುವುದಾದರೆ ನಾನು ಬರುವುದಿಲ್ಲ ಎಂದು ಬರೆಯಲೆಂದೇ ಕೂತಿದ್ದೆ. ಬರೆಯಲಾಗುತ್ತಿಲ್ಲ. ನನಗೂ ಒಂದು ಟಿಕೆಟ್ಟು ತೆಗೆದಿಡಿ. ನಿಮ್ಮ ಪಕ್ಕದ ಸೀಟಾದರೂ ಪರವಾಗಿಲ್ಲ.

ಇಂತಿ,
ಪ್ರಭಾ