ಊಟ ಆಯ್ತಾ ಎಂದರೆ

ಮಾರ್ಚ್ ೧೪, ಚೆಂಗ್ಡು

ಲಿಫ್ಟಿನಲ್ಲಿ ಕೇಳಿದ ಮಾತು ಇನ್ನೂ ಕೊರೆಯುತ್ತಿದೆ.

ಪಾಠ ಹೇಳಲು ಚೀನಾಕ್ಕೆ ಬಂದ ಹೊಸತರಲ್ಲಿ ನಮ್ಮ ಗಲ್ಲಿಯ ಲ್ಯಾವ್ ಅಜ್ಜಿ, "ಊಟ ಆಯ್ತಾ ಮೇಷ್ಟ್ರೇ?" ಎಂದಿದ್ದಳು. ಇಲ್ಲಿ ಅದು ಬರೀ ನಮಸ್ಕಾರದ ಮಾತೆಂದು ತಿಳಿಯದೆ "ಇಲ್ಲ" ಎಂದುಬಿಟ್ಟೆ. "ಅಯ್ಯೋ, ಬಾ ಮಗಾ ಒಳಗೆ" ಎಂದು ಕೂರಿಸಿ ನೂಡಲ್ಸ್ ಬಡಿಸಿದಳು. ಅರ್ಥ ತಿಳಿದ ಮೇಲೂ ಎಷ್ಟೋ ಸಂಜೆ ಬೇಕೆಂದೇ "ಇಲ್ಲ" ಎಂದಿದ್ದೇನೆ.

ಗಲ್ಲಿ ಕೆಡವಿದರು, ಅಜ್ಜಿ ಮಗಳ ಊರಿಗೆ ಹೋದಳು. ಅದೇ ಜಾಗದಲ್ಲೆದ್ದ ಕಟ್ಟಡದಲ್ಲಿ ಈಗ ನನ್ನ ಮನೆ. ಇವತ್ತು ಲಿಫ್ಟಿನಲ್ಲಿ ಪಕ್ಕದ ಮನೆಯ ಹುಡುಗಿಗೆ, "ಊಟ ಆಯ್ತಾ?" ಎಂದೆ. ಅವಳು ಫೋನಿನಿಂದ ಕಣ್ಣೆತ್ತಲಿಲ್ಲ. "ನಾನೇನೂ ಆರ್ಡರ್ ಮಾಡಿಲ್ಲ, ಬೇರೆ ಮನೆ ಇರ್ಬೇಕು ನೋಡಿ" ಎಂದಳು.

ಊಟ ತಂದುಕೊಡುವವನೆಂದುಕೊಂಡಳೇನೋ, ನಗು ಬಂತು. ಆಮೇಲೆ ಒಲೆ ಹಚ್ಚಲು ಮನಸ್ಸಾಗಲಿಲ್ಲ. ಯಾರಾದರೂ ಕೇಳಿದ್ದರೆ, ಇವತ್ತು ನಿಜವಾಗಿಯೂ "ಇಲ್ಲ" ಎನ್ನಬಹುದಿತ್ತು.